ಮೀನು ಹಿಡಿಯೋಕೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್: ಯಾವ ಬಣ್ಣ, ಯಾವ ಲೆನ್ಸ್, ಎಷ್ಟು ದುಡ್ಡು?

ಹೊಸಗಾಳ_ತುಮಕೂರು
ಎಲ್ಲರಿಗೂ ನಮಸ್ಕಾರ. ರಾಡು, ರೀಲು, ಲೈನು ಎಲ್ಲಾ ಆಯ್ತು, ಈಗ ಕಣ್ಣಿನ ವಿಷ್ಯ. ನೀರಿನ ಮೇಲಿನ ಹೊಳಪು ತೆಗೆಯೋ ಗ್ಲಾಸ್ ಬೇಕು. ಹೆಚ್ಚಾಗಿ ಕೆರೆ, ಹೊಳೆ ದಡದಿಂದ ಗಾಳ, ಕೊರವ ಮೀನಿಗೆ ಕಪ್ಪೆ ಲ್ಯೂರು (ಕಪ್ಪೆ ಆಕಾರದ ನಕಲಿ ಎರೆ). ಅಪರೂಪಕ್ಕೆ ಕಾರವಾರದ ಕಡೆ ಬಂಡೆ ಮೇಲಿಂದ. ಬಜೆಟ್ 5,000 ರೂಪಾಯಿ ಒಳಗೆ. ಎರಡೂ ಕಣ್ಣಿಗೆ ಮೈನಸ್ 2.5 ಹತ್ರ ಪವರ್ ಇದೆ. ಅಂಗಡೀಲಿ ಕೇಳಿದ್ರೆ ಒಬ್ಬ ಗ್ರೇ ಅಂತಾನೆ, ಇನ್ನೊಬ್ಬ ನೀಲಿ ಮರ್ಕ್ಯುರಿ (ಮೇಲೆ ಕನ್ನಡಿ ಥರ ಹೊಳೆಯೋ ಲೇಪ) ಅಂತಾನೆ, ಮತ್ತೊಬ್ಬ ‘ಎಲ್ಲಾ ಒಂದೇ ಸಾರ್, ಯುವಿ ಇದ್ರೆ ಸಾಕು’ ಅಂತಾನೆ. ಯಾವುದನ್ನ ನಂಬೋದು? ಅಂಗಡೀಲಿ ನಿಂತ್ಕೊಂಡೇ ಅಸಲಿಯಾ ನಕಲಿಯಾ ಅಂತ ನೋಡೋದು ಹೇಗೆ?

ಹೊಳೆಬದಿ_ರಾಜ
ಮೂರನೇವನನ್ನ ಮೊದಲು ಬಿಟ್ಹಾಕಿ. ಯುವಿ ಬೇರೆ, ಪೋಲರೈಸ್ಡ್ ಬೇರೆ, ಕಪ್ಪು ಎಷ್ಟು ಅನ್ನೋದು ಮೂರನೇ ಲೆಕ್ಕ. ಯುವಿ 400 ಅಂದ್ರೆ 400 ನ್ಯಾನೋಮೀಟರ್‌ವರೆಗಿನ ಅತಿನೇರಳೆ ಕಿರಣ ತಡೆಯುತ್ತೆ, ಅಷ್ಟೇ. ಅದಕ್ಕೂ ನೀರಿನ ಹೊಳಪಿಗೂ ಸಂಬಂಧ ಇಲ್ಲ. ಬಣ್ಣವೇ ಇಲ್ಲದ ಪಾರದರ್ಶಕ ಲೆನ್ಸ್‌ಗೂ ಯುವಿ 400 ಇರಬಹುದು.

ಕೆರೆ, ಹೊಳೆಗೆ ಕಂದು ಬಣ್ಣ: ಬ್ರೌನ್, ಕಾಪರ್, ಆಂಬರ್, ಅಂಗಡಿಯವರು ಏನು ಕರೆದ್ರೂ ಸರಿ. ಗ್ರೇ ಬೇಡ. ಕಂದು ಲೆನ್ಸ್ ನೀಲಿ ಬೆಳಕನ್ನ ಹೆಚ್ಚು ಕಡಿತ ಮಾಡುತ್ತೆ. ಗಾಳಿಯಲ್ಲೂ ನೀರಲ್ಲೂ ಮಬ್ಬು ಮಾಡೋದು ಮುಖ್ಯವಾಗಿ ಚದುರಿದ ನೀಲಿ ಬೆಳಕೇ. ಅದು ಹೋದ್ರೆ ಹಸಿರು ನೀರಿನ ತಳದಲ್ಲಿ ಕಲ್ಲು ಯಾವುದು, ಜೊಂಡು ಯಾವುದು, ಮೀನಿನ ಬೆನ್ನು ಯಾವುದು ಅಂತ ಬಿಡಿಬಿಡಿಯಾಗಿ ಕಾಣುತ್ತೆ. ಗ್ರೇ ಎಲ್ಲಾ ಬಣ್ಣಾನೂ ಸಮಾ ಇಳಿಸುತ್ತೆ. ಕಣ್ಣಿಗೆ ತಂಪು, ಆದರೆ ವ್ಯತ್ಯಾಸ ಎದ್ದು ಕಾಣಲ್ಲ.

ಮಲ್ಪೆ_ಕಡಲ್
‘ಗ್ರೇ ಬೇಡ’ ಅಂತ ಒಂದೇ ಸಲ ಹೇಳ್ಬೇಡಿ ಮಾರಾಯ್ರೆ. ಕಡಲಿಗೆ ಗ್ರೇಯೇ ಬೇಕು. ಬೋಟಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಆಂಬರ್ ಹಾಕಿ ಕೂತ್ರೆ ತಲೆನೋವು ಬರ್ತದೆ, ಅಷ್ಟು ಬೆಳಕು ಒಳಗೆ ಬರ್ತದೆ. ಆಳದ ನೀಲಿ ನೀರಲ್ಲಿ ತಳ ನೋಡ್ಲಿಕ್ಕೆ ಎಂತ ಉಂಟು? ಅಲ್ಲಿ ನೋಡುದು ಮೇಲೆ: ಹಕ್ಕಿ ಎಲ್ಲಿ ಮುಳುಗ್ತದೆ, ಸಣ್ಣ ಮೀನಿನ ಗುಂಪು ಎಲ್ಲಿ ಕುದೀತದೆ, ನೀರಿನ ಬಣ್ಣ ಎಲ್ಲಿ ಬದಲಾಗ್ತದೆ. ಅದಕ್ಕೆ ನಿಜವಾದ ಬಣ್ಣವೇ ಕಾಣ್ಬೇಕು. ಗ್ರೇ, ಮೇಲೆ ನೀಲಿ ಮಿರರ್, ಬೆಳಕು 10ರಿಂದ 12% ಮಾತ್ರ ಒಳಗೆ ಬಿಡುವಂಥದ್ದು.

ಹೊಳೆಬದಿ_ರಾಜ
ಅವರು ಕೇಳಿದ್ದು ಕೆರೆ ಮೀನಿಗೆ ಸಾರ್. ಕಡಲಿಗೆ ನೀವು ಹೇಳಿದ್ದೇ ಸರಿ, ನಾನು ಬೇಡ ಅಂದೆನಾ?

ಬ್ರೂಸ್ಟರ್_ಮಾಮ
ಜಗಳ ಶುರು ಆಗೋ ಮೊದಲು ಒಂದು ಲೆಕ್ಕ ಇಡ್ತೀನಿ. ಬಣ್ಣಕ್ಕಿಂತ ಇದು ದೊಡ್ಡದು, ಅಂಗಡಿಯವರು ಯಾರೂ ಹೇಳಲ್ಲ.

ನೀರಿಂದ ಪ್ರತಿಫಲಿಸೋ ಬೆಳಕು ಪೂರ್ತಿ ಧ್ರುವೀಕರಣ ಆಗೋದು, ಅಂದ್ರೆ ಅದರ ಕಂಪನ ಪೂರ್ತಿ ಅಡ್ಡಡ್ಡ ದಿಕ್ಕಿಗೇ ಆಗೋದು, ಒಂದೇ ಕೋನದಲ್ಲಿ. ಪೋಲರೈಸ್ಡ್ ಲೆನ್ಸ್ ತಡೆಯೋದು ಈ ಅಡ್ಡ ಕಂಪನದ ಬೆಳಕನ್ನೇ. ಡೇವಿಡ್ ಬ್ರೂಸ್ಟರ್ 1815ರಲ್ಲಿ ಕೊಟ್ಟ ನಿಯಮ. ನೀರಿಗೆ ಅದು ಲಂಬದಿಂದ 53 ಡಿಗ್ರಿ, ಅಂದ್ರೆ ನಿಮ್ಮ ದೃಷ್ಟಿ ನೀರಿನ ಮಟ್ಟಕ್ಕೆ 37 ಡಿಗ್ರಿ ಇಳಿಜಾರಲ್ಲಿ ಬೀಳಬೇಕು. ಆ ಕೋನದಲ್ಲಿ ಒಳ್ಳೆ ಪೋಲರೈಸ್ಡ್ ಲೆನ್ಸ್ ಹೊಳಪನ್ನ ಹತ್ತಿರ ಹತ್ತಿರ ಸೊನ್ನೆಗೆ ಇಳಿಸುತ್ತೆ. 20 ಡಿಗ್ರಿಗೆ ಬಂದ್ರೆ, ಅಷ್ಟೇ ಕಪ್ಪಿನ ಸಾದಾ ಲೆನ್ಸಿಗೆ ಹೋಲಿಸಿದ್ರೆ, ಮೂರನೇ ಒಂದು ಭಾಗ ಹೊಳಪು ಉಳಿದೇ ಉಳಿಯುತ್ತೆ. 10 ಡಿಗ್ರಿಗೆ ಬಂದ್ರೆ ಅದೇ ಹೋಲಿಕೆಯಲ್ಲಿ ಸುಮಾರು 70% ಉಳಿಯುತ್ತೆ. ಇದು ಅಲೆಯಿಲ್ಲದ ನೀರಿಗೆ. 30,000 ರೂಪಾಯಿ ಲೆನ್ಸ್ ಆದ್ರೂ ಅಷ್ಟೇ, 1,500ರದ್ದಾದ್ರೂ ಅಷ್ಟೇ. ಇದು ನೀರಿನ ಗುಣ, ಲೆನ್ಸಿನದಲ್ಲ.

ಈಗ ದೂರಕ್ಕೆ ಹಾಕಿ ನೋಡಿ. ನೀರಿನ ಅಂಚಲ್ಲೇ ನಿಂತವರ ಕಣ್ಣು 1.6 ಮೀಟರ್ ಎತ್ತರ. 37 ಡಿಗ್ರಿ ಬೀಳೋದು ಬರೀ 2.1 ಮೀಟರ್ ಮುಂದೆ. 20 ಡಿಗ್ರಿ 4.4 ಮೀಟರ್‌ಗೆ, 10 ಡಿಗ್ರಿ 9 ಮೀಟರ್‌ಗೆ. ಅದೇ ಮನುಷ್ಯ 3 ಮೀಟರ್ ಎತ್ತರದ ಏರಿ ಮೇಲೋ ಬಂಡೆ ಮೇಲೋ ಹತ್ತಿದ್ರೆ ಇವೇ 6, 12.6, 26 ಮೀಟರ್ ಆಗ್ತವೆ. ಲೆನ್ಸ್ ಬದಲಿಸೋಕ್ಕಿಂತ ಒಂದು ಬಂಡೆ ಹತ್ತೋದು ಲಾಭ.

ಸುಮ್ನೆ_ಓದುಗ
ಕೆರೆ ಏರಿ ಮೇಲೆ ಕೂತ್ಕೊಳ್ಳೋ ತಾತಂದಿರಿಗೆ ಇದು ಮೊದಲೇ ಗೊತ್ತಿತ್ತು 😄

ಶರಾವತಿ_ಹಿನ್ನೀರು
ಲೆಕ್ಕ ಸರಿ ಮಾಮ, ಆದರೆ ಏರಿ ಮೇಲೆ ನಿಂತ್ರೆ ಮೀನಿಗೂ ನೀವು ಕಾಣ್ತೀರಲ್ಲ. ಹಿಂದೆ ಮರ ಇಲ್ಲದೆ ಬರೀ ಆಕಾಶ ಇದ್ರೆ ತಲೆ ಎತ್ತಿದ ಕೂಡ್ಲೆ ಕೊರವ ಒಳಗೆ ಹೋಗುತ್ತೆ. ಎತ್ತರದಿಂದ ನೋಡಿ ಜಾಗ ಗುರುತು ಮಾಡ್ಕೊಳ್ಳೋದು, ಆಮೇಲೆ ಕೆಳಗಿಳಿದು ಬಗ್ಗಿ ಎಸೆಯೋದು. ಸೂರ್ಯ ಬೆನ್ನ ಹಿಂದೆ ಇದ್ರೆ ನೋಡೋಕೆ ಚಂದ, ಆದರೆ ನಿಮ್ಮ ನೆರಳು, ರಾಡಿನ ನೆರಳು ನೀರ ಮೇಲೆ ಬೀಳುತ್ತೆ. ಸ್ವಲ್ಪ ಓರೆಗೆ, ಹೆಗಲ ಮೇಲಿಂದ ಬಿಸಿಲು ಬರೋ ಹಾಗೆ ನಿಲ್ಲೋದೇ ಸರಿ.

ಇನ್ನೊಂದು, ಗಾಳಿ ಬಂದು ನೀರು ಕದಡಿದ್ರೆ ಈ ಡಿಗ್ರಿ ಲೆಕ್ಕ ಎಲ್ಲಾ ಚೆಲ್ಲಾಪಿಲ್ಲಿ. ಒಂದೊಂದು ಅಲೆಯ ಮುಖ ಒಂದೊಂದು ಕೋನಕ್ಕೆ ತಿರುಗಿರುತ್ತೆ.

ಬ್ರೂಸ್ಟರ್_ಮಾಮ
ಒಪ್ಪಿದೆ. ಅದಕ್ಕೇ ತಲೆ ವಾಲಿಸಿ ನೋಡಬೇಕು ಅನ್ನೋದು. ಕಿರುಅಲೆ ಇದ್ದಾಗ, ಅಥವಾ ಆಕಾಶದ ಬೆಳಕೇ ಧ್ರುವೀಕರಣ ಆಗಿ ಬಂದು ನೀರಲ್ಲಿ ಬಿದ್ದಾಗ (ಸೂರ್ಯನಿಂದ 90 ಡಿಗ್ರಿ ಆಚೆ ಇರೋ ಆಕಾಶದಲ್ಲಿ ಇದು ಹೆಚ್ಚು), ಹೊಳಪಿನ ದಿಕ್ಕು ಕರಾರುವಾಕ್ಕಾಗಿ ಅಡ್ಡಡ್ಡ ಇರಲ್ಲ. ತಲೇನ ಹತ್ತಿಪ್ಪತ್ತು ಡಿಗ್ರಿ ಆ ಕಡೆ ಈ ಕಡೆ ವಾಲಿಸಿ, ಯಾವ ಕಡೆಗೆ ನೀರು ತಿಳಿಯಾಗುತ್ತೋ ಅಲ್ಲಿ ನಿಲ್ಲಿಸಿ. ಅಲೆಯಿಲ್ಲದ ನೀರಲ್ಲಿ ಮಾತ್ರ ತಲೆ ನೆಟ್ಟಗಿರಲಿ. 20 ಡಿಗ್ರಿ ವಾಲಿದ್ರೆ ತಡೆದಿದ್ದ ಹೊಳಪಲ್ಲಿ ಸುಮಾರು 12% ಮತ್ತೆ ಒಳಗೆ ಬರುತ್ತೆ.

ಭೀಮಾತೀರ
ಅಲ್ರೀ, ನಮ್ ಕಡೆ ಮಳಿಗಾಲದಾಗ ಭೀಮಾ, ಕೃಷ್ಣಾ ನೀರು ಹಾಲು ಹಾಕಿದ ಚಹಾ ಇದ್ದಂಗ ಇರ್ತದ. ಈ ಗ್ಲಾಸ್ ಹಾಕ್ಕೊಂಡ್ರ ಏನರೆ ಕಾಣ್ತದೇನ್ರಿ? ರೊಕ್ಕ ದಂಡ ಅನಸ್ತದ.

ಹೊಳೆಬದಿ_ರಾಜ
ಕಾಣಲ್ಲ ಅಣ್ಣ. ನೀರೊಳಗಿನ ಮಣ್ಣಿನ ಕಣ ಚದುರಿಸೋ ಬೆಳಕನ್ನ ಯಾವ ಲೆನ್ಸೂ ತೆಗೆಯಲ್ಲ. ಮೇಲ್ಮೈ ಹೊಳಪು ಹೋಗುತ್ತೆ, ಲೈನ್ ಎಲ್ಲಿ ನೀರಿಗೆ ಇಳಿದಿದೆ ಅನ್ನೋದು ಕಾಣುತ್ತೆ, ಬೆಂಡು ಅಲುಗಾಡೋದು ಕಣ್ಣಿಗೆ ಹಿಡಿಯುತ್ತೆ. ಅಷ್ಟಕ್ಕೇ ತೃಪ್ತಿಪಡಬೇಕು. ಕೆಂಪು ನೀರು ಇಳಿದು ಹಸಿರಾಗೋದು ಮಳೆ ನಿಂತ ಮೇಲೆ. ಚಳಿಗಾಲದಿಂದ ಬೇಸಿಗೆ ಮೊದಲ ಮಳೆವರೆಗೆ ಈ ಗ್ಲಾಸಿಗೆ ನಿಜವಾದ ಕೆಲಸ.

ಭೀಮಾತೀರ
ಹಂಗಂದ್ರ ದಸರಾ ಆದಮ್ಯಾಲೆ ತಗೊಂತೀನಿ ಬಿಡ್ರಿ.

ಲೆನ್ಸಣ್ಣ
ಕನ್ನಡಕದ ಅಂಗಡಿ ಕಡೆಯ ಮಾತು ನಾನು ಹೇಳ್ತೀನಿ. ಮೊದಲು ಪರೀಕ್ಷೆ, ಯಾಕಂದ್ರೆ ಮೋಸ ಆಗೋದು ಅಲ್ಲೇ.

ಅಂಗಡಿಯವರು ಒಂದು ಕಾರ್ಡು ಕೊಡ್ತಾರೆ, ಗ್ಲಾಸ್ ಹಾಕಿ ನೋಡಿದ್ರೆ ಅದರೊಳಗೆ ಅಡಗಿರೋ ಚಿತ್ರ ಕಾಣುತ್ತೆ. ಅದು ತೋರಿಸೋದು ಲೆನ್ಸೊಳಗೆ ಹೊಳಪು ತಡೆಯೋ ಪೋಲರೈಸಿಂಗ್ ಫಿಲ್ಮ್ ಇದೆ ಅಂತ ಮಾತ್ರ. ಫಿಲ್ಮ್ ನೆಟ್ಟಗೆ ಕೂತಿದೆಯಾ, ಎರಡು ಕಣ್ಣಿಗೂ ಒಂದೇ ದಿಕ್ಕಲ್ಲಿ ಇದೆಯಾ ಅಂತ ಅದು ಹೇಳಲ್ಲ.

ಕೌಂಟರ್ ಮೇಲೆ ಗಾಜು ಇರುತ್ತಲ್ಲ, ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಹುಡುಕಿ. ಒಂದು ಹೆಜ್ಜೆ ಹಿಂದೆ ಸರಿದು ಇಳಿಜಾರಾಗಿ ನೋಡಿ. ಗ್ಲಾಸ್ ನೆಟ್ಟಗೆ ಹಿಡಿದಾಗ ಆ ಪ್ರತಿಬಿಂಬ ಮಂಕಾಗಬೇಕು. ಗ್ಲಾಸನ್ನ ನಿಧಾನಕ್ಕೆ 90 ಡಿಗ್ರಿ ತಿರುಗಿಸಿ, ಕಡ್ಡಿ ಮೇಲೆ ಕೆಳಗೆ ಬರೋ ಹಾಗೆ. ಪ್ರತಿಬಿಂಬ ಜೋರಾಗಿ ವಾಪಸ್ ಬರಬೇಕು. ಉಲ್ಟಾ ಆಯ್ತು ಅಂದ್ರೆ ಲೆನ್ಸ್ ಅಡ್ಡ ಕೂರಿಸಿದ್ದಾರೆ. ಏನೂ ಬದಲಾಗಿಲ್ಲ ಅಂದ್ರೆ ಬರೀ ಬಣ್ಣದ ಪ್ಲಾಸ್ಟಿಕ್. ಸ್ಟೀಲ್ ಕಂಬ, ಕನ್ನಡಿ ನೋಡಿ ಪರೀಕ್ಷೆ ಮಾಡ್ಬೇಡಿ, ಲೋಹದ ಪ್ರತಿಫಲನ ಹೀಗೆ ಧ್ರುವೀಕರಣ ಆಗಲ್ಲ.

ಎರಡನೇದು ಬಿಲ್ ಹಾಕೋ ಕ್ಯಾಲ್ಕುಲೇಟರ್. ಅದರ ಪರದೆ ಮುಂದೆ ಒಂದು ಲೆನ್ಸ್ ಹಿಡಿದು ತಿರುಗಿಸಿ, ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತೆ. ಅದೇ ಕೋನದಲ್ಲಿ ಇಟ್ಕೊಂಡೇ ಇನ್ನೊಂದು ಲೆನ್ಸಿಗೆ ಸರಿಸಿ. ಅದೂ ಅಷ್ಟೇ ಕಪ್ಪಾಗಿರಬೇಕು. ಒಂದು ಕಪ್ಪು, ಇನ್ನೊಂದು ಅರೆಬರೆ ಅಂದ್ರೆ ಎರಡು ಕಣ್ಣಿಗೂ ಹೊಳಪು ಬೇರೆ ಬೇರೆ ಬೀಳುತ್ತೆ. ಅರ್ಧ ಗಂಟೇಲಿ ಕಣ್ಣು ಎಳೆಯೋಕೆ ಶುರು. ಮೊಬೈಲ್ ಪರದೆ ನಂಬಬೇಡಿ, ಕೆಲವು ಫೋನು ಯಾವ ಕೋನದಲ್ಲೂ ಕಪ್ಪಾಗದ ಹಾಗೆ ಮಾಡಿರ್ತಾರೆ.

ಮೂರನೇದು, ಗ್ಲಾಸನ್ನ ಕೈ ಚಾಚಿ ಹಿಡಿದು ಬಾಗಿಲ ಚೌಕಟ್ಟಿನ ನೇರ ಗೆರೆ ನೋಡುತ್ತಾ ಮೇಲೆ ಕೆಳಗೆ ಆಡಿಸಿ. ಪವರ್ ಇಲ್ಲದ ಲೆನ್ಸಲ್ಲಿ ಗೆರೆ ಡೊಂಕಾಗಬಾರದು, ನುಲಿಯಬಾರದು.

ಹೊಸಗಾಳ_ತುಮಕೂರು
ಕ್ಯಾಲ್ಕುಲೇಟರ್ ಪರೀಕ್ಷೆ ಸೂಪರ್ ಸಾರ್. ಪವರ್ ವಿಷ್ಯ?

ಲೆನ್ಸಣ್ಣ
ಮೈನಸ್ 2.5ಗೆ ಮೂರು ದಾರಿ.

ಮೊದಲನೇದು ಪವರ್ ಹಾಕಿಸಿದ ಪೋಲರೈಸ್ಡ್ ಲೆನ್ಸ್. ಸಾಮಾನ್ಯ ಪ್ಲಾಸ್ಟಿಕ್‌ನಲ್ಲಿ (ಸಿಆರ್-39, ಇಂಡೆಕ್ಸ್ 1.5) ಗ್ರೇ, ಬ್ರೌನ್, ಹಸಿರು ಸುಲಭಕ್ಕೆ ಸಿಗ್ತವೆ. ಹಳದಿ, ಕಾಪರ್ ಹೇಳಿ ತರಿಸಬೇಕು. ಕ್ರೀಡೆಯವರು ಹಾಕೋ ಪೂರ್ತಿ ಬಾಗಿದ ಫ್ರೇಮ್ ಇದಕ್ಕೆ ಆಯ್ಕೆ ಮಾಡ್ಬೇಡಿ. ಅಂಥದ್ದರ ಬೇಸ್ ಕರ್ವ್ (ಎಷ್ಟು ಬಾಗಿದೆ ಅನ್ನೋ ಅಳತೆ) 8 ಇರುತ್ತೆ. ಅದಕ್ಕೆ ಬಾಗಿನ ಲೆಕ್ಕ ಸೇರಿಸಿ ತಯಾರಿಸೋ ಲ್ಯಾಬ್ ಬೇಕು, ಇಲ್ಲಾಂದ್ರೆ ಅಂಚಲ್ಲಿ ನೆಲ ಈಜಾಡುತ್ತೆ. ಬೇಸ್ 4ರಿಂದ 6ರ ಫ್ರೇಮ್, ಸ್ವಲ್ಪ ಅಗಲ ಕಡ್ಡಿ ಇರೋದು ತಗೊಳ್ಳಿ. ಅಂಗಡಿಯವರಿಗೆ ಎರಡು ಮಾತು ಖಡಕ್ಕಾಗಿ ಹೇಳಿ: ಫಿಲ್ಮ್ ಗುರುತು 180 ಡಿಗ್ರಿ ಗೆರೆಗೆ, ಅಂದ್ರೆ ಅಡ್ಡ ಗೆರೆಗೆ, ಸರಿಯಾಗಿ ಇಟ್ಟು ಕೊಯ್ಯಬೇಕು, ಮತ್ತು ಫ್ರೇಮೊಳಗೆ ಬಿಗಿಯಾಗಿ ತುರುಕಬಾರದು. ಬಿಗಿ ಆದ್ರೆ ಅಂಚಿಂದ ಫಿಲ್ಮ್ ಬಿಟ್ಕೊಳ್ಳೋಕೆ ಶುರು ಆಗುತ್ತೆ. ಇದೇ ಕಾರಣಕ್ಕೆ ತೂತು ಕೊರೆದು ಸ್ಕ್ರೂ ಹಾಕೋ ರಿಮ್‌ಲೆಸ್ ಕೂಡ ಬೇಡ. ಒಳಮೈಗೆ ಆಂಟಿ ರಿಫ್ಲೆಕ್ಷನ್ ಕೋಟಿಂಗ್ ತಪ್ಪದೆ ಮಾಡಿಸಿ. ಇಲ್ಲಾಂದ್ರೆ ಹಿಂದಿಂದ ಬರೋ ಬಿಸಿಲಿಗೆ ನಿಮ್ಮ ಕಣ್ಣೇ ನಿಮಗೆ ಕಾಣುತ್ತೆ.

ಎರಡನೇದು, ಇರೋ ಕನ್ನಡಕದ ಮೇಲೇ ಹಾಕೋ ದೊಡ್ಡ ಫಿಟ್-ಓವರ್. ನೋಡೋಕೆ ಚಂದ ಇಲ್ಲ, ತೂಕ, ಮಂಜು ಕಟ್ಟುತ್ತೆ. ಆದರೆ ಪಕ್ಕದಿಂದ ಮೇಲಿಂದ ಬೆಳಕು ನುಗ್ಗೋಕೆ ಬಿಡಲ್ಲ, ಬೆಲೆ ಕಡಿಮೆ. 5,000 ಬಜೆಟ್‌ಗೆ ಎರಡು ಬಣ್ಣ ಬರಬಹುದು.

ಮೂರನೇದು ಮ್ಯಾಗ್ನೆಟ್ ಕ್ಲಿಪ್. ಎರಡು ಲೆನ್ಸ್ ನಡುವೆ ಧೂಳು, ಹನಿ ಸೇರಿ ಎರಡೆರಡು ಬಿಂಬ ಕಾಣುತ್ತೆ. ತಲೆ ಬಗ್ಗಿಸಿದಾಗ ನೀರಿಗೆ ಬಿತ್ತು ಅಂದ್ರೆ ಮುಗೀತು.

ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮೇಲೆ ಗ್ಲಾಸ್ ಅನ್ನೋರೂ ಇದಾರೆ. ಕೆರೆ ನೀರು ಕಣ್ಣಿಗೆ ಎರಚುತ್ತೆ, ಮೀನು ಮುಟ್ಟಿದ ಕೈ ಕಣ್ಣಿಗೆ ಹೋಗುತ್ತೆ, ಸೋಂಕಿನ ಅಪಾಯ ಇದೆ. ನಾನು ಬೇಡ ಅಂತೀನಿ.

ಸೀಗಡಿ_ಸೀತಾ
ಲೆನ್ಸಣ್ಣ ಹೇಳಿದ್ದಕ್ಕೆ ಒಂದು ತಕರಾರು. ಗಾಳ ಹಾಕೋರಿಗೆ ಸಿಆರ್-39 ಯಾಕೆ? ಬಂಡೆ ಸಂದಿಗೆ ಸಿಕ್ಕಿದ ಲ್ಯೂರ್ ಎಳೆದಾಗ ಅದು ಬಾಣದ ಹಾಗೆ ಮುಖಕ್ಕೇ ಬರ್ತದೆ. 30 ಗ್ರಾಮಿನ ಲೋಹದ ಜಿಗ್ (ಭಾರದ ಲ್ಯೂರ್), ಮೂರು ಮುಳ್ಳಿನ ಕೊಕ್ಕೆ ಸಮೇತ. ಪಾಲಿಕಾರ್ಬೋನೇಟ್ ಆದ್ರೆ ಹಳ್ಳ ಬೀಳ್ತದೆ ಅಷ್ಟೇ. ಸಿಆರ್-39 ಬಿರುಕು ಬಿಟ್ಟು ಚೂರಾಗಬಹುದು. ಬಂಡೆ ಮೇಲೆ ನಿಲ್ಲೋರು ಹೊಳಪಿಗಿಂತ ಮೊದಲು ಇದನ್ನ ಯೋಚಿಸಿ.

ಲೆನ್ಸಣ್ಣ
ಮೇಡಂ ಹೇಳಿದ್ದು ನ್ಯಾಯ. ಪವರ್ ಬೇಕು, ಪೆಟ್ಟೂ ತಡೀಬೇಕು ಅಂದ್ರೆ ಪಾಲಿಕಾರ್ಬೋನೇಟ್ ಅಥವಾ ಟ್ರೈವೆಕ್ಸ್‌ನಲ್ಲಿ ಪೋಲರೈಸ್ಡ್ ತರಿಸಬಹುದು, ದುಡ್ಡು ಜಾಸ್ತಿ. ಸ್ಪಷ್ಟತೆಯಲ್ಲಿ ಪಾಲಿ ಸ್ವಲ್ಪ ಹಿಂದೆ. ಅಬ್ಬೆ ಸಂಖ್ಯೆ ಅಂತ ಒಂದು ಅಳತೆ ಇದೆ, ಹೆಚ್ಚಿದ್ದಷ್ಟೂ ಅಂಚಲ್ಲಿ ಬಣ್ಣ ಒಡೆಯೋದು ಕಡಿಮೆ. ಪಾಲಿಗೆ 30, ಸಿಆರ್-39ಗೆ 58, ಟ್ರೈವೆಕ್ಸ್ 43 ಆಸುಪಾಸು. ಮೈನಸ್ 2.5ಕ್ಕೆ ಪಾಲಿ ಹಾಕಿದ್ರೂ ಹೆಚ್ಚು ಜನಕ್ಕೆ ಗೊತ್ತಾಗಲ್ಲ.

ಮಲ್ಪೆ_ಕಡಲ್
ಗಾಜಿನ ಲೆನ್ಸಿನ ಮಾತೇ ಇಲ್ವಾ? ಉಪ್ಪುನೀರಲ್ಲಿ ಪ್ಲಾಸ್ಟಿಕ್‌ಗೆ ಗೀರು ಬೀಳುದು ನೋಡ್ಲಿಕ್ಕೆ ಆಗುದಿಲ್ಲ. ಗಾಜು ವರ್ಷಗಟ್ಟಲೆ ಹೊಸದರ ಹಾಗೆ ಇರ್ತದೆ. ಕೋಸ್ಟಾ ಅನ್ನುವ ಗ್ಲಾಸ್ ಕಂಪನಿಯವರು 580ಜಿ ಅಂತ ಗಾಜಲ್ಲಿ, 580ಪಿ ಅಂತ ಪಾಲಿಯಲ್ಲಿ ಎರಡೂ ಮಾಡುದು ಸುಮ್ನೆ ಅಲ್ಲ.

ಸೀಗಡಿ_ಸೀತಾ
ಬೋಟಲ್ಲಿ ಟ್ರೋಲಿಂಗ್ (ಓಡೋ ಬೋಟಿನ ಹಿಂದೆ ಲ್ಯೂರ್ ಎಳ್ಕೊಂಡು ಹೋಗೋದು) ಮಾಡೋರಿಗೆ ಗಾಜು ಸರಿ. ಎಸೆದು ಎಳೆಯೋರಿಗೆ ಅಲ್ಲ. ತೂಕಕ್ಕೆ ಮೂಗಿನ ಮೇಲೆ ಹಳ್ಳ ಬೀಳೋದು ಬೇರೆ.

ಮಲ್ಪೆ_ಕಡಲ್
ಮೂಗು ಗಟ್ಟಿ ಉಂಟು ನಮ್ದು.

ಕೊಡಗ್_ರಾಡ್
ಬಣ್ಣದ ಜೊತೆ ಕಪ್ಪು ಎಷ್ಟು ಅನ್ನೋದನ್ನ ಯಾರೂ ಬಿಡಿಸಿ ಹೇಳಿಲ್ಲ. ಲೆನ್ಸ್ ಅಥವಾ ಕಡ್ಡಿ ಒಳಗೆ, ಇಲ್ಲ ಪೆಟ್ಟಿಗೆಯಲ್ಲಿ ಕ್ಯಾಟಗರಿ ಸಂಖ್ಯೆ ಇರುತ್ತೆ, ಕೂಲಿಂಗ್ ಗ್ಲಾಸಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12312-1 ಪ್ರಕಾರ. 2 ಅಂದ್ರೆ 18ರಿಂದ 43% ಬೆಳಕು ಒಳಗೆ ಬಿಡುತ್ತೆ, 3 ಅಂದ್ರೆ 8ರಿಂದ 18, 4 ಅಂದ್ರೆ 3ರಿಂದ 8. ಮಾರುಕಟ್ಟೆಯಲ್ಲಿ ಹೆಚ್ಚಿನವು 3. ರೇ-ಬ್ಯಾನ್ ಕಡ್ಡಿ ಒಳಗೆ 3ಪಿ ಅಂತ ಇದ್ರೆ ಕ್ಯಾಟಗರಿ 3, ಪೋಲರೈಸ್ಡ್. 3ಎನ್ ಅಂತಿದ್ರೆ ಪೋಲರೈಸ್ಡ್ ಅಲ್ಲ.

ಮರ ಮುಚ್ಚಿದ ಹೊಳೆಗೆ, ಬೆಳಿಗ್ಗೆ ಏಳು ಗಂಟೆ ನೆರಳಿಗೆ 10% ಲೆನ್ಸ್ ಹಾಕಿದ್ರೆ ಕತ್ತಲೆ ಕೋಣೆ. ಅಲ್ಲಿಗೆ ಕ್ಯಾಟಗರಿ 2ರ ಆಂಬರ್ ಅಥವಾ ಹಳದಿ, 25-30% ಬಿಡುವಂಥದ್ದು. ಬಯಲು ಕೆರೆ, ಮಧ್ಯಾಹ್ನಕ್ಕೆ 12-15% ಬ್ರೌನ್. ಒಂದೇ ತಗೊಳ್ಳೋದಾದ್ರೆ 14-15% ಕಾಪರ್ ತಗೊಳ್ಳಿ, ಎರಡೂ ಕಡೆ ಅಡ್ಜಸ್ಟ್ ಆಗುತ್ತೆ. ಕ್ಯಾಟಗರಿ 4 ಹಾಕ್ಕೊಂಡು ಗಾಡಿ ಓಡಿಸಬಾರದು, ನಿಯಮದಲ್ಲೇ ಇದೆ.

ಶರಾವತಿ_ಹಿನ್ನೀರು
> ಹಳದಿ, 25-30% ಬಿಡುವಂಥದ್ದು

ಇದನ್ನೇ ಕೆಲವರು ‘ರಾತ್ರಿ ಡ್ರೈವಿಂಗ್ ಪೋಲರೈಸ್ಡ್ ಹಳದಿ ಗ್ಲಾಸ್’ ಅಂತ ಮಾರ್ತಾರೆ. ಪೋಲರೈಸರ್ ಅಂದ ಮೇಲೆ ಅರ್ಧ ಬೆಳಕು ಹೋಗಲೇಬೇಕು, ಅದರ ಕೆಲಸವೇ ಅದು. ಬಣ್ಣವೇ ಇಲ್ಲದ, ಪೂರ್ತಿ ಬೆಳಕು ಬಿಡೋ ಪೋಲರೈಸ್ಡ್ ಅಂತ ಯಾರಾದ್ರೂ ಕೊಟ್ರೆ ಅದು ಪೋಲರೈಸ್ಡ್ ಅಲ್ಲ. ರಾತ್ರಿ ಗಾಡಿಗೆ ಯಾವ ಬಣ್ಣದ ಗ್ಲಾಸೂ ಬೇಡ.

ಸುಮ್ನೆ_ಓದುಗ
ಬಿಸಿಲಿಗೆ ತಾನೇ ಕಪ್ಪಾಗೋ ಫೋಟೋಕ್ರೋಮಿಕ್ ಪೋಲರೈಸ್ಡ್ ಇದ್ರೆ ಎರಡು ಗ್ಲಾಸ್ ಯಾಕೆ ಬೇಕು?

ಲೆನ್ಸಣ್ಣ
ಇದೆ, ದುಬಾರಿ. ಆದರೆ ಆ ರಾಸಾಯನಿಕ ಬಿಸಿ ಹವೆಯಲ್ಲಿ ಅಷ್ಟು ಕಪ್ಪಾಗಲ್ಲ, ಚಳಿಯಲ್ಲಿ ಜಾಸ್ತಿ ಕಪ್ಪಾಗುತ್ತೆ. ಏಪ್ರಿಲ್ ಬಿಸಿಲಲ್ಲಿ ರಾಯಚೂರಿನ ಕೆರೆ ಮೇಲೆ, ಅತಿ ಹೆಚ್ಚು ಬೇಕಾದಾಗಲೇ ಕೈ ಕೊಡುತ್ತೆ. ನಿಧಾನ ಕೂಡ, ನೆರಳಿಂದ ಬಿಸಿಲಿಗೆ ಬಂದ್ರೆ ಒಂದರ್ಧ ನಿಮಿಷನಾದ್ರೂ ಕಾಯಬೇಕು.

ಹೊಸಗಾಳ_ತುಮಕೂರು
ನೀಲಿ ಮಿರರ್, ಹಸಿರು ಮಿರರ್ ಅಂತಾರಲ್ಲ, ಅದು ಬರೀ ಶೋಕಿನಾ?

ಹೊಳೆಬದಿ_ರಾಜ
ಪೂರ್ತಿ ಶೋಕಿ ಅಲ್ಲ. ಮಿರರ್ ಕೋಟಿಂಗ್ ಒಂದಷ್ಟು ಬೆಳಕನ್ನ ಹೊರಗೇ ವಾಪಸ್ ಕಳಿಸುತ್ತೆ, ಹಾಗಾಗಿ ಇನ್ನೂ ಸ್ವಲ್ಪ ಕಪ್ಪು. ಪೋಲರೈಸೇಶನ್ ಅದರಿಂದ ಹೆಚ್ಚಾಗಲ್ಲ. ನೋಡಬೇಕಾದ್ದು ಮಿರರ್ ಅಡಿಯ ಮೂಲ ಬಣ್ಣ. ಸಾಮಾನ್ಯವಾಗಿ ನೀಲಿ ಮಿರರ್ ಅಡಿ ಗ್ರೇ, ಹಸಿರು ಮಿರರ್ ಅಡಿ ಕಾಪರ್ ಅಥವಾ ಆಂಬರ್ ಇರುತ್ತೆ, ಆದರೆ ನಂಬ್ಕೊಂಡು ಕೂರಬೇಡಿ. ಗ್ಲಾಸನ್ನ ಬಿಳಿ ಕಾಗದದ ಮೇಲೆ ಹಿಡಿದು ಒಳಗಿಂದ ನೋಡಿ, ಕಾಗದ ಯಾವ ಬಣ್ಣ ಕಾಣುತ್ತೋ ಅದೇ ಮೂಲ ಬಣ್ಣ. ನಿಮ್ಮ ಕೆರೆಗೂ ಕಾರವಾರದ ಬಂಡೆಗೂ ಒಂದೇ ಸಾಕು ಅನ್ನೋದಾದ್ರೆ ಕಾಪರ್ ಮೇಲೆ ಹಸಿರು ಮಿರರ್. ದಡದ ಹತ್ತಿರದ ಕಡಲ ನೀರು ಹಸಿರೇ ತಾನೆ.

ಮಲ್ಪೆ_ಕಡಲ್
ಇದು ಒಪ್ಪಬಹುದು. ದಡದಿಂದ ಗಾಳ ಹಾಕುವವರಿಗೆ ಹಸಿರು ಮಿರರ್ ಸಾಕು. ಬೋಟಿನವರಿಗೆ ಅಲ್ಲ, ಮತ್ತೆ ಹೇಳ್ತೇನೆ. ಮಾಮನ ಲೆಕ್ಕವೇ ಹಾಕಿ: ಬೋಟಿನಿಂದ 50 ಮೀಟರ್ ಆಚೆಗೆ ನೋಡುವಾಗ ಕೋನ ಎಷ್ಟು? 4-5 ಡಿಗ್ರಿ. ಅಲ್ಲಿ ಪೋಲರೈಸ್ಡ್‌ದು ಹೆಚ್ಚು ಕೆಲಸ ಇಲ್ಲ, ಕಣ್ಣು ಉಳಿಸುದು ಕಪ್ಪು ಮಾತ್ರ.

ಬ್ರೂಸ್ಟರ್_ಮಾಮ
ಲೆಕ್ಕ ಸರಿ ಇದೆ.

ಭೀಮಾತೀರ
ಮಲ್ಪೆದವರು ಸೋಲೋದಿಲ್ರೀ 😀 ಬೋಟಿನ್ಯಾಗಿನ ಫಿಶ್ ಫೈಂಡರ್ (ನೀರಾಗಿನ ಮೀನು ತೋರ್ಸೋ ಯಂತ್ರ) ಪರದೆ ಕಾಣೂದಿಲ್ಲ ಅಂತಾರಲ್ಲ ಈ ಗ್ಲಾಸ್ ಹಾಕ್ಕೊಂಡ್ರ, ಖರೇನೇನು?

ಮಲ್ಪೆ_ಕಡಲ್
ಖರೆ. ಪರದೆಯಲ್ಲೂ ಪೋಲರೈಸರ್ ಉಂಟಲ್ಲ, ಎರಡೂ ಅಡ್ಡ ಆದ್ರೆ ಕಪ್ಪು. ಪರದೆ ಕೂರಿಸುವ ಮೊದಲೇ ಗ್ಲಾಸ್ ಹಾಕಿ ನೋಡಿ, ಬ್ರಾಕೆಟ್ ಆ ಕೋನಕ್ಕೆ ತಿರುಗಿಸಿ. ಫೋನಲ್ಲಿ ಮ್ಯಾಪ್ ನೋಡುವವರು ಅಡ್ಡ ಹಿಡೀಬೇಕಾ ಉದ್ದ ಹಿಡೀಬೇಕಾ ಅಂತ ದಡದಲ್ಲೇ ನೋಡಿಟ್ಕೊಳ್ಳಿ.

ಸೀಗಡಿ_ಸೀತಾ
ಫ್ರೇಮ್ ಬಗ್ಗೆ ಒಂದು ಮಾತು. ಪಕ್ಕದಿಂದ, ಹುಬ್ಬಿನ ಮೇಲಿಂದ ಬೆಳಕು ನುಗ್ಗಿದ್ರೆ ಲೆನ್ಸ್ ಎಷ್ಟು ಒಳ್ಳೇದಿದ್ರೂ ದಂಡ. ಕಣ್ಣಿನ ಪಾಪೆ ಆ ಬೆಳಕಿಗೆ ಸಣ್ಣದಾಗ್ತದೆ, ನೀರೊಳಗಿನ ಮಂದ ಬೆಳಕು ಸಾಲೋದಿಲ್ಲ. ಅಂಗಡಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ನಿಂತು, ಗ್ಲಾಸ್ ಹಾಕಿ ನೆಲ ನೋಡಿ. ಲೆನ್ಸಿನ ಒಳಮೈಯಲ್ಲಿ ನಿಮ್ಮದೇ ಕೆನ್ನೆ, ಬಾಗಿಲಿನ ಬೆಳಕು ಕಂಡ್ರೆ ಆ ಫ್ರೇಮ್ ಬೇಡ. ರೆಪ್ಪೆ ಲೆನ್ಸಿಗೆ ತಾಗಬಾರದು. ಜೋರಾಗಿ ತಲೆ ಬಗ್ಗಿಸಿ ಅಲ್ಲಾಡಿಸಿ, ಜಾರಬಾರದು. ನಮ್ಮಲ್ಲಿ ಬಹಳ ಜನರ ಮೂಗಿನ ಸೇತುವೆ ತಗ್ಗು, ವಿದೇಶಿ ಫ್ರೇಮ್ ಕೆನ್ನೆ ಮೇಲೇ ಕೂರ್ತದೆ. ‘ಲೋ ಬ್ರಿಜ್ ಫಿಟ್’ ಅಂತ ಕೇಳಿ.

ಟೋಪಿಯೂ ಮುಖ್ಯ. ಅಂಚಿನ ಅಡಿಭಾಗ ಕಪ್ಪು ಅಥವಾ ಗಾಢ ಬಣ್ಣ ಇರಲಿ. ಬಿಳಿ ಅಡಿ ಇದ್ರೆ ನೀರಿಂದ ಮೇಲೆ ಚಿಮ್ಮಿದ ಬೆಳಕು ಅಲ್ಲಿಂದ ಮತ್ತೆ ಕಣ್ಣಿಗೇ ಬರ್ತದೆ.

ಕೊಡಗ್_ರಾಡ್
ಗ್ಲಾಸ್ ಹಾಕಿ ತಳ ಚೆನ್ನಾಗಿ ಕಾಣ್ತಿದೆ ಅಂತ ಹೊಳೆಗೆ ಇಳಿಯೋರಿಗೆ ಎಚ್ಚರಿಕೆ. ಬೆಳಕು ಬಾಗೋದರಿಂದ ನೀರು ಇರೋದಕ್ಕಿಂತ ಕಡಿಮೆ ಆಳ ಕಾಣುತ್ತೆ, ಪೋಲರೈಸ್ಡ್ ಅದನ್ನ ಸರಿ ಮಾಡಲ್ಲ. ನೇರ ಕೆಳಗೆ ನೋಡಿದಾಗ 90 ಸೆಂಟಿಮೀಟರ್ ಅನಿಸಿದ್ದು ನಿಜಕ್ಕೂ 120. ಓರೆಯಾಗಿ ನೋಡಿದ್ರೆ ವ್ಯತ್ಯಾಸ ಇನ್ನೂ ಜಾಸ್ತಿ. ಕೋಲು ಊರಿ ನೋಡದೆ ಹೆಜ್ಜೆ ಇಡಬೇಡಿ.

ಹಾಗೇ, ಬಿಳಿ ಮೀನು (ಕಾವೇರಿಯ ಗೂನುಬೆನ್ನಿನ ಮಹಶೀರ್) ಹುಡುಕಿ ಕಾವೇರಿ ವನ್ಯಧಾಮದೊಳಗೆ ರಾಡ್ ಹಿಡಿದು ಹೋಗೋ ಯೋಚನೆ ಯಾರಿಗಾದ್ರೂ ಇದ್ರೆ ಬಿಡಿ. 1972ರ ವನ್ಯಜೀವಿ ಕಾಯ್ದೆ ಇದೆ, ಆ ಮಹಶೀರ್ 2018ರಿಂದ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿದೆ ಅಂತ ಸೇರಿದೆ.

ಸುಮ್ನೆ_ಓದುಗ
ಗ್ಲಾಸಿನ ಥ್ರೆಡ್ಡಲ್ಲಿ ಫಾರೆಸ್ಟ್ ಆಫೀಸರ್ ಬಂದ್ರು.

ಕೊಡಗ್_ರಾಡ್
ಪ್ರತಿ ಥ್ರೆಡ್ಡಲ್ಲೂ ಬರಬೇಕು ಕಣ್ರಿ.

ಹೊಸಗಾಳ_ತುಮಕೂರು
ಕಾಪಾಡಿಕೊಳ್ಳೋದು ಹೇಗೆ? ಅಂಚಲ್ಲಿ ಗುಳ್ಳೆ ಬರುತ್ತೆ, ಪೊರೆ ಏಳುತ್ತೆ ಅಂತ ಸುಮಾರು ಕಡೆ ಓದಿದೆ.

ಲೆನ್ಸಣ್ಣ
ಗುಳ್ಳೆ ಬರೋದು ಹೆಚ್ಚಾಗಿ ಟಿಎಸಿ (ಟ್ರೈಅಸಿಟೈಲ್ ಸೆಲ್ಯುಲೋಸ್ ಅನ್ನೋ ಪ್ಲಾಸ್ಟಿಕ್) ಲೆನ್ಸಿಗೆ. 1,000-1,500ರ ಗ್ಲಾಸೆಲ್ಲ ಹೆಚ್ಚುಕಮ್ಮಿ ಅದೇ. ತೆಳು ಪದರಗಳನ್ನ ಅಂಟಿಸಿ ಮಾಡಿದ್ದು, ದಪ್ಪ ಸುಮಾರು 1 ಮಿಲಿಮೀಟರ್. ನಡುವಿನ ಫಿಲ್ಮ್ ಅಂದ್ರೆ ಎಳೆದು ಹಿಗ್ಗಿಸಿದ ಪಾಲಿವಿನೈಲ್ ಆಲ್ಕೋಹಾಲ್, ಅದಕ್ಕೆ ಅಯೋಡಿನ್ ಅಥವಾ ಬೇರೆ ಬಣ್ಣ ಹಿಡಿಸಿರ್ತಾರೆ. ಬಿಸಿ ಮತ್ತು ತೇವ ಎರಡೂ ಅದಕ್ಕೆ ಶತ್ರು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ರೆ ಅಂಟು ಸಡಿಲ ಆಗಿ ಅಂಚಿಂದ ಪದರ ಬಿಡುತ್ತೆ. ಒಮ್ಮೆ ಪದರ ಬಿಟ್ರೆ ರಿಪೇರಿ ಇಲ್ಲ.

ಉಪ್ಪುನೀರು ಬಿದ್ದ ಲೆನ್ಸ್ ಒಣಬಟ್ಟೆಯಿಂದ ಒರೆಸಲೇಬಾರದು, ಉಪ್ಪಿನ ಹರಳು ಮರಳಿನ ಕೆಲಸ ಮಾಡುತ್ತೆ. ಮೊದಲು ಸಿಹಿನೀರು ಸುರಿದು ತೊಳೆಯಿರಿ, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಬೆರಳಲ್ಲಿ ಸವರಿ, ಮತ್ತೆ ನೀರು, ಆಮೇಲೆ ಮೈಕ್ರೋಫೈಬರ್. ಸ್ಯಾನಿಟೈಸರ್, ಸ್ಪಿರಿಟ್, ಥಿನ್ನರ್ ಮುಟ್ಟಿಸಬೇಡಿ. ಮೀನಿನ ಲೋಳೆ ಅಂಟಿದ್ರೂ ಇದೇ ಕ್ರಮ.

ಶರಾವತಿ_ಹಿನ್ನೀರು
ಸೊಳ್ಳೆ ಔಷಧಿ ಮರೆತ್ರಿ. ಡೀಟ್ ಇರೋ ಕ್ರೀಮ್ ಅಥವಾ ಸ್ಪ್ರೇ ಪ್ಲಾಸ್ಟಿಕ್ ಕರಗಿಸುತ್ತೆ. ಕೈಗೆ ಹಚ್ಚಿಕೊಂಡು ಅದೇ ಬೆರಳಲ್ಲಿ ಲೆನ್ಸ್ ಹಿಡಿದ್ರೆ ಬೆರಳಚ್ಚು ಶಾಶ್ವತ. ರಬ್ಬರ್ ಕಡ್ಡಿ ಜಿಗುಟಾಗುತ್ತೆ. ಸನ್‌ಸ್ಕ್ರೀನ್ ಕೂಡ ಮಿರರ್ ಕೋಟಿಂಗಿಗೆ ಒಳ್ಳೇದಲ್ಲ.

ಭೀಮಾತೀರ
ನಲವತ್ತು ದಾಟಿದವ್ರಿಗೆ ಒಂದು ಪ್ರಶ್ನೆ ಉಳೀತು. ದೂರದ್ದು ಕಾಣ್ತದ, ಗ್ಲಾಸ್ ಹಾಕ್ಕೊಂಡು 0.20 ಮಿಲಿಮೀಟರ್ ಲೈನಿಗೆ ಗಂಟು ಹಾಕೂದು ಹೆಂಗ್ರಿ? ತೆಗೆದ್ರ ಬಿಸಿಲು, ಹಾಕ್ಕೊಂಡ್ರ ದಾರ ಕಾಣಂಗಿಲ್ಲ.

ಲೆನ್ಸಣ್ಣ
ಲೆನ್ಸಿನ ಒಳಮೈಗೆ ನೀರು ಹಚ್ಚಿ ಅಂಟಿಸೋ ಮೆತ್ತನೆ ರೀಡಿಂಗ್ ತುಣುಕು ಬರ್ತವೆ, ಅರ್ಧಚಂದ್ರಾಕಾರ, +1.5, +2, +2.5ರಲ್ಲಿ. ಗ್ಲಾಸ್ ಹಾಕ್ಕೊಂಡು ನೇರ ಎದುರು ನೋಡಿ, ಕೆಳರೆಪ್ಪೆ ಮಟ್ಟ ಎಲ್ಲಿ ಬರುತ್ತೆ ಅಂತ ಲೆನ್ಸ್ ಮೇಲೆ ಪೆನ್ನಲ್ಲಿ ಚುಕ್ಕಿ ಇಡಿ. ತುಣುಕಿನ ಮೇಲಂಚು ಆ ಚುಕ್ಕಿಗಿಂತ 2-3 ಮಿಲಿಮೀಟರ್ ಕೆಳಗೆ ಬರಲಿ. ಮೇಲೆ ಹೋದ್ರೆ ನಡೆಯುವಾಗ ಕಾಲ ಬುಡ ಮಂಜು, ಬಂಡೆ ಮೇಲೆ ಎಡವ್ತೀರಿ. ಬಾಗಿದ ಲೆನ್ಸಿಗೆ ಅಂಟಿಸಿದ್ರೆ ಒಣಗೋವರೆಗೂ, ಸುಮಾರು ಒಂದು ದಿನ, ಮುಟ್ಟಬೇಡಿ. ಕಪ್ಪು 15%ಗಿಂತ ಜಾಸ್ತಿ ಇರೋ ಲೆನ್ಸಾದ್ರೆ ನಿಮ್ಮ ಓದೋ ಪವರಿಗಿಂತ 0.5 ಹೆಚ್ಚು ತಗೊಳ್ಳಿ.

ಬ್ರೂಸ್ಟರ್_ಮಾಮ
‘15%ಗಿಂತ ಜಾಸ್ತಿ ಕಪ್ಪು’ ಅಂದ್ರೆ ಬೆಳಕು 15%ಗಿಂತ ಕಡಿಮೆ ಒಳಗೆ ಬಿಡೋದು ತಾನೆ? ಹೊಸಬರು ಉಲ್ಟಾ ತಿಳ್ಕೊಂಡು 85% ಬಿಡೋದು ತರ್ತಾರೆ.

ಲೆನ್ಸಣ್ಣ
ಹೌದು ಮಾಮ, ಒಳಗೆ ಬಿಡೋ ಬೆಳಕು 15%ಗಿಂತ ಕಡಿಮೆ ಇರೋದು.

ಭೀಮಾತೀರ
ದೂರಕ್ಕೂ ಓದಾಕೂ ಒಂದರಾಗ ಇರೋ ಪ್ರೊಗ್ರೆಸಿವ್ ಲೆನ್ಸೇ ಮಾಡಿಸಿದ್ರ?

ಲೆನ್ಸಣ್ಣ
ಮಾಡಿಸಬಹುದು, ಫ್ರೇಮ್ ಎತ್ತರ ಕಡಿಮೆ ಅಂದ್ರೂ 30 ಮಿಲಿಮೀಟರ್ ಇರಲಿ. ಆದರೆ ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಡುವಾಗ ಕೆಳಗಿನ ಓದೋ ಭಾಗದಿಂದಲೇ ನೋಡೋದಾಗುತ್ತೆ, ಕಲ್ಲು ಎಷ್ಟು ದೂರ ಅಂತ ಅಂದಾಜು ಸಿಗಲ್ಲ. ದಡದಲ್ಲಿ ಕೂತು ಗಾಳ ಹಾಕೋರಿಗೆ ಪ್ರೊಗ್ರೆಸಿವ್, ನೀರಿಗೆ ಇಳಿಯೋರಿಗೆ ಸಣ್ಣ ಅಂಟಿಸೋ ತುಣುಕು.